ಒಂದು ಸಾಲು ಎಂದರೆ ಏನು?

ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘವನ್ನು ಕಲ್ಪಿಸಿಕೊಳ್ಳಿ. ಸದಸ್ಯರೊಬ್ಬರು ವಾರವಿಡೀ ಎರಡು ಹೊತ್ತೂ ಹಾಲು ಹಾಕಿದ್ದಾರೆ. ಹೊತ್ತಿಗೆ 200 ರೂಪಾಯಿಯಂತೆ ಹದಿನಾಲ್ಕು ಹೊತ್ತಿಗೆ 2,800 ರೂಪಾಯಿ. ಅದೇ ವಾರ ಸಂಘದಿಂದ ಎರಡು ಮೂಟೆ ಪಶು ಆಹಾರವನ್ನು ಸಾಲವಾಗಿ ಒಯ್ದಿದ್ದಾರೆ, ಮೂಟೆಗೆ 1,200 ರೂಪಾಯಿ. ಅದನ್ನು ಮುರಿದುಕೊಂಡರೆ ಅವರ ಕೈಗೆ ಬರಬೇಕಾದ್ದು 400 ರೂಪಾಯಿ. ಆದರೆ ಕಂಪ್ಯೂಟರ್ ಮುದ್ರಿಸಿದ ಬಟವಾಡೆ ಪಟ್ಟಿಯ ಪ್ರಕಾರ ಅವರೇ ಸಂಘಕ್ಕೆ 28,000 ರೂಪಾಯಿ ಕಟ್ಟಬೇಕು.

ಡೇಟಾಬೇಸ್ ತೆರೆದು ನೋಡಿದರೆ ಎಲ್ಲವೂ ಸರಿಯಾಗಿದೆ. ಹಾಲಿನ ಟೇಬಲ್‌ನಲ್ಲಿ ಹದಿನಾಲ್ಕು ಸಾಲು, ಹದಿನಾಲ್ಕೂ ಸರಿ. ಪಶು ಆಹಾರದ ಟೇಬಲ್‌ನಲ್ಲಿ ಎರಡು ಸಾಲು, ಎರಡೂ ಸರಿ. ಕ್ವೆರಿ ಯಾವ ದೋಷವನ್ನೂ ತೋರಿಸದೆ ಓಡಿದೆ. ಎರಡು ಸರಿಗಳು ಸೇರಿ ಇಷ್ಟು ದೊಡ್ಡ ತಪ್ಪು ಹುಟ್ಟಿದ್ದು ಹೇಗೆ ಎಂದು ತಿಳಿಯಬೇಕಾದರೆ ಪ್ರತಿ ಟೇಬಲ್‌ಗೂ ಒಂದೇ ಒಂದು ಪ್ರಶ್ನೆ ಕೇಳಬೇಕು: ಇದರಲ್ಲಿ ಒಂದು ಸಾಲು ಎಂದರೆ ಏನು? ರಿಲೇಷನಲ್ ಡೇಟಾಬೇಸ್‌ನ ಟೇಬಲ್ ಕಟ್ಟುವವರೂ ಕೆಟ್ಟದ್ದನ್ನು ರಿಪೇರಿ ಮಾಡುವವರೂ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದೇ ಎಂಬುದು ನನ್ನ ಗಟ್ಟಿ ನಂಬಿಕೆ. ಕಾಲಂಗಳ ಪಟ್ಟಿ ಬರೆಯಲು ಎಲ್ಲರೂ ಅವಸರ ಮಾಡುತ್ತಾರೆ. ಸಾಲು ಏನನ್ನು ಹೇಳುತ್ತದೆ ಎಂದು ಒಂದು ಪೂರ್ಣ ವಾಕ್ಯದಲ್ಲಿ ಬರೆದಿಡುವವರು ಕಡಿಮೆ.

ಸಾಲಿಗೆ ಇಷ್ಟು ಮಹತ್ವ ಬಂದದ್ದು ಎಡ್ಗರ್ ಕಾಡ್ ಅವರಿಂದ. ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ ಗಣಿತಜ್ಞ ಅವರು. 1970ರ ಜೂನ್‌ನಲ್ಲಿ ಕಂಪ್ಯೂಟರ್ ತಜ್ಞರ ಎಸಿಎಂ ಸಂಸ್ಥೆಯ ಪತ್ರಿಕೆಯಲ್ಲಿ, ರಿಲೇಷನಲ್ ಮಾದರಿಯನ್ನು ಮಂಡಿಸಿದ ಅವರ ಪ್ರಬಂಧ ಪ್ರಕಟವಾಯಿತು. ಅಲ್ಲಿಯವರೆಗೆ ದೊಡ್ಡ ಕಂಪ್ಯೂಟರ್‌ಗಳಲ್ಲಿ ಮಾಹಿತಿ ಬಹುಮಟ್ಟಿಗೆ ಕೊಂಬೆ ರೆಂಬೆಗಳಂತೆ ಒಂದರೊಳಗೊಂದು ಹೆಣೆದುಕೊಂಡಿರುತ್ತಿತ್ತು. ಯಾವ ದಾರಿಯಲ್ಲಿ ಹೋದರೆ ಯಾವ ಮಾಹಿತಿ ಸಿಗುತ್ತದೆ ಎಂಬುದನ್ನು ಪ್ರೋಗ್ರಾಂ ಬರೆಯುವವರು ತಿಳಿದಿರಬೇಕಿತ್ತು, ದಾರಿ ಬದಲಾದರೆ ಪ್ರೋಗ್ರಾಂ ಕೆಡುತ್ತಿತ್ತು. ಕಾಡ್ ಆ ಪ್ರಬಂಧದಲ್ಲಿ ಒಬ್ಬ ನೌಕರನ ದಾಖಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತಾರೆ. ಆ ದಾಖಲೆಯ ಹೊಟ್ಟೆಯೊಳಗೆ ಅವನ ಮಕ್ಕಳ ಪಟ್ಟಿ, ಹುದ್ದೆಗಳ ಚರಿತ್ರೆ, ಹುದ್ದೆಯೊಳಗೆ ಮತ್ತೆ ಸಂಬಳದ ಚರಿತ್ರೆ ಇರುತ್ತದೆ. ಅವನ್ನೆಲ್ಲ ಹೊರತೆಗೆದು ನಾಲ್ಕು ಸರಳ ಟೇಬಲ್‌ಗಳಾಗಿ ಹರಡಿ, ನೌಕರನ ಸಂಖ್ಯೆಯ ಮೂಲಕ ಒಂದಕ್ಕೊಂದು ಜೋಡಿಸಿ ತೋರಿಸಿದರು. ಅಂಥ ಟೇಬಲ್‌ನ ಒಂದು ಮನೆಯಲ್ಲಿ ಒಂದೇ ಮೌಲ್ಯ, ಸಾಲುಗಳ ಹಿಂದುಮುಂದಿಗೆ ಅರ್ಥವಿಲ್ಲ, ಒಂದೇ ಬಗೆಯ ಎರಡು ಸಾಲು ಇರುವಂತಿಲ್ಲ. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಕಾಡ್ ಹೇಳಿದ್ದಕ್ಕೂ ಇವತ್ತು ನಾವು ಬಳಸುವ ಎಸ್‌ಕ್ಯುಎಲ್ ಭಾಷೆಗೂ ನಡುವೆ ಒಂದು ಬಿರುಕಿದೆ. ಐಬಿಎಂನಲ್ಲೇ ಇದ್ದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಆ ಭಾಷೆಯನ್ನು ಸೀಕ್ವೆಲ್ ಎಂಬ ಹೆಸರಿನಲ್ಲಿ ಮಂಡಿಸಿದರು. ಕಾಡ್ ಅವರ ಲೆಕ್ಕದಲ್ಲಿ ಟೇಬಲ್ ಒಂದು ಗಣ, ಹಾಗಾಗಿ ಅದರಲ್ಲಿ ನಕಲು ಇರಲು ಸಾಧ್ಯವೇ ಇಲ್ಲ. ಎಸ್‌ಕ್ಯುಎಲ್ ನಕಲಿಗೆ ಅವಕಾಶ ಕೊಡುತ್ತದೆ. ಒಂದು ಸಾಲನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವ ಕೀ ಯಾವುದೆಂದು ನೀವು ಹೇಳದೆ ಟೇಬಲ್ ಕಟ್ಟಿದರೆ, ಒಂದೇ ಸಾಲನ್ನು ನೂರು ಸಲ ತುಂಬಿದರೂ ಅದು ಒಪ್ಪಿಕೊಳ್ಳುತ್ತದೆ. ಅಂದರೆ ಸಾಲಿನ ಅರ್ಥವನ್ನು ಕಾಯುವ ಹೊಣೆ ಟೇಬಲ್ ಕಟ್ಟುವವರ ಮೇಲೆ ಬಿದ್ದಿದೆ.

ಸಂಘದ ಲೆಕ್ಕಕ್ಕೆ ಬರೋಣ. ಕಾಗದದ ಪುಸ್ತಕಕ್ಕೆ ಒಗ್ಗಿದ ಕಣ್ಣು ಮೊದಲು ಕಟ್ಟುವ ಟೇಬಲ್ ಹೀಗಿರುತ್ತದೆ: ಸದಸ್ಯರಿಗೊಂದು ಸಾಲು, ತಿಂಗಳ 31 ದಿನಕ್ಕೆ ಬೆಳಿಗ್ಗೆಗೊಂದು ಸಂಜೆಗೊಂದು ಮನೆ. 62 ಕಾಲಂ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಮೂರನ್ನೂ ಬರೆಯಬೇಕೆಂದರೆ 186. ಗೋಡೆಗೆ ಅಂಟಿಸಲು ಇದು ಚೆನ್ನಾಗಿದೆ. ಪ್ರಶ್ನೆ ಕೇಳಲು ಆಗುವುದಿಲ್ಲ. ಸಂಜೆ ಹಾಲು ಒಟ್ಟು ಎಷ್ಟು ಎಂದು ತಿಳಿಯಲು 31 ಕಾಲಂಗಳ ಹೆಸರನ್ನು ಒಂದೊಂದಾಗಿ ಬರೆದು ಕೂಡಿಸಬೇಕು. ಯಾವ ಹೊತ್ತಿನಲ್ಲಿ ಫ್ಯಾಟ್ 3.5ಕ್ಕಿಂತ ಕೆಳಗಿಳಿಯಿತು ಎಂದು ಕೇಳುವಂತೆಯೇ ಇಲ್ಲ, ಏಕೆಂದರೆ ‘ಹೊತ್ತು’ ಎನ್ನುವುದು ಆ ಟೇಬಲ್‌ನಲ್ಲಿ ಮಾಹಿತಿಯಾಗಿ ಉಳಿದಿಲ್ಲ, ಕಾಲಂನ ಹೆಸರಿನೊಳಗೆ ಅಡಗಿಹೋಗಿದೆ. ದಿನಾಂಕ, ವರ್ಷ, ಊರಿನ ಹೆಸರು ಇಂಥವು ಕಾಲಂ ಹೆಸರಿನಲ್ಲಿ ಕಂಡರೆ ಆ ಟೇಬಲ್‌ನಲ್ಲಿ ಒಂದು ಸಾಲು ಹಲವು ಸಂಗತಿಗಳನ್ನು ಒಟ್ಟಿಗೆ ಹೇಳಲು ಹೊರಟಿದೆ ಎಂದು ತಿಳಿಯಬಹುದು.

ಅದನ್ನು ಬಿಡಿಸಿದರೆ ವಾಕ್ಯ ಹೀಗಾಗುತ್ತದೆ: ಒಂದು ಸಾಲು ಎಂದರೆ ಒಬ್ಬ ಸದಸ್ಯರು ಒಂದು ದಿನದ ಒಂದು ಹೊತ್ತಿನಲ್ಲಿ ಹಾಕಿದ ಹಾಲು. ಹಾಗಾದರೆ ಸದಸ್ಯ ಸಂಖ್ಯೆ, ದಿನಾಂಕ, ಹೊತ್ತು ಈ ಮೂರೂ ಸೇರಿ ಕೀ. ಇಷ್ಟಕ್ಕೆ ನಿಲ್ಲಿಸಿ ಕಾರ್ಯದರ್ಶಿಯ ಮುಂದೆ ಕುಳಿತು ಆ ವಾಕ್ಯವನ್ನು ಓದಿ ಹೇಳಿದರೆ ಅವರು ತಕ್ಷಣ ಕೇಳಬಹುದು: ಹಸುವೂ ಎಮ್ಮೆಯೂ ಇರುವವರು ಎರಡನ್ನೂ ಬೇರೆ ಬೇರೆ ತಂದು ಹಾಕುತ್ತಾರಲ್ಲ? ಆಗ ಹಾಲಿನ ಬಗೆಯೂ ಕೀಯೊಳಗೆ ಬರಬೇಕು. ಒಂದೇ ಹೊತ್ತಿನಲ್ಲಿ ಎರಡು ಕ್ಯಾನ್ ತಂದು ಎರಡಕ್ಕೂ ಬೇರೆ ಪರೀಕ್ಷೆ ಮಾಡುವ ಪದ್ಧತಿ ಇದ್ದರೆ ವಾಕ್ಯವೇ ಬದಲಾಗಿ, ಒಂದು ಸಾಲು ಎಂದರೆ ಒಂದು ಪರೀಕ್ಷೆ ಎಂದಾಗುತ್ತದೆ. ಈ ತಿದ್ದುಪಡಿ ಡೇಟಾಬೇಸ್ ಪುಸ್ತಕದಿಂದ ಬರುವುದಿಲ್ಲ, ಹಾಲು ಅಳೆಯುವವರ ಬಾಯಿಂದ ಬರುತ್ತದೆ. ಕಾಲಂಗಳ ಪಟ್ಟಿ ತೋರಿಸಿದರೆ ಅವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ವಾಕ್ಯ ಓದಿದರೆ ತಪ್ಪು ಹಿಡಿಯುತ್ತಾರೆ. ವಿನ್ಯಾಸದ ಹೊತ್ತಿನಲ್ಲಿ ಇದಕ್ಕಿಂತ ಬೆಲೆಯುಳ್ಳ ಅರ್ಧ ಗಂಟೆ ಇನ್ನೊಂದಿಲ್ಲ.

ಮುಂದಿನದು ಯಾವ ಕಾಲಂ ಎಲ್ಲಿರಬೇಕು ಎಂಬುದು. ಕಾಡ್ ಅವರೇ ಬೆಳೆಸಿದ ನಾರ್ಮಲೈಸೇಷನ್ ನಿಯಮಗಳು ಇದಕ್ಕೇ ಇರುವುದು. ಸದಸ್ಯರ ಹೆಸರು, ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಹಾಲಿನ ಪ್ರತಿ ಸಾಲಿನಲ್ಲೂ ಬರೆದರೆ ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಸಲ ಬರೆದಂತೆ. ಖಾತೆ ಬದಲಾದಾಗ ಕೆಲವು ಸಾಲು ತಿದ್ದಿ ಕೆಲವನ್ನು ಮರೆತರೆ ಒಬ್ಬರಿಗೇ ಎರಡು ಖಾತೆ. ಹೆಸರೂ ಖಾತೆಯೂ ಸದಸ್ಯರ ಬಗೆಗಿನ ಸಂಗತಿಗಳು, ಹಾಲಿನ ಬಗೆಗಿನವಲ್ಲ. ಅವು ಸದಸ್ಯರ ಟೇಬಲ್‌ಗೆ ಸೇರಬೇಕು.

ದರದ ವಿಷಯದಲ್ಲಿ ಅನೇಕರು ಇದೇ ನಿಯಮವನ್ನು ಅತಿಯಾಗಿ ಎಳೆಯುತ್ತಾರೆ. ದರವೂ ಸಾಲುಸಾಲಿನಲ್ಲಿ ಮರುಕಳಿಸುತ್ತದಲ್ಲ, ಅದನ್ನೂ ತೆಗೆದು ದರಪಟ್ಟಿಯ ಟೇಬಲ್‌ನಲ್ಲಿ ಮಾತ್ರ ಇಡೋಣ ಎನ್ನುತ್ತಾರೆ. ದರ ಬದಲಾದ ದಿನ ಆ ಒಂದು ಸಾಲನ್ನು ತಿದ್ದುತ್ತಾರೆ. ತಿದ್ದಿದ ಕ್ಷಣದಲ್ಲೇ ಕಳೆದ ವರ್ಷದ ಬಟವಾಡೆಗಳೆಲ್ಲ ಹೊಸ ದರದಲ್ಲಿ ಲೆಕ್ಕವಾಗಿ, ಸದಸ್ಯರ ಪಾಸ್‌ಪುಸ್ತಕಕ್ಕೂ ಕಂಪ್ಯೂಟರಿಗೂ ತಾಳೆಯಾಗದೆ ಹೋಗುತ್ತದೆ. ಆ ಹೊತ್ತಿನ ಹಾಲಿಗೆ ಕೊಟ್ಟ ದರ ಆ ಹೊತ್ತಿನ ಸಂಗತಿ, ಮುಂದೆ ಎಂದೂ ಬದಲಾಗದ ಸಂಗತಿ. ನೋಡಲು ಒಂದೇ ಅಂಕಿ ಮತ್ತೆ ಮತ್ತೆ ಬಂದರೂ ಅದು ನಕಲಲ್ಲ. ಅನ್ವಯಿಸಿದ ದರವನ್ನು ಹಾಲಿನ ಸಾಲಿನಲ್ಲೇ ಉಳಿಸಬೇಕು ಎನ್ನುವುದು ನನ್ನ ಪಕ್ಷ. ದರಪಟ್ಟಿಯ ಟೇಬಲ್ ಬೇರೆ ಇರಲಿ, ಅದರಲ್ಲಿ ದರ ಯಾವ ದಿನದಿಂದ ಜಾರಿ ಎಂಬ ದಿನಾಂಕ ಇರಲಿ. ‘ಯಾವ ದಿನದವರೆಗೆ’ ಎಂಬ ಇನ್ನೊಂದು ಕಾಲಂ ಇಡದಿರುವುದು ಒಳ್ಳೆಯದು. ಅದಿದ್ದರೆ ಎರಡು ದರಗಳ ಅವಧಿ ಒಂದರ ಮೇಲೊಂದು ಹಾಯುವ ದಿನ ಬಂದೇ ಬರುತ್ತದೆ.

ದರವಾಗಲಿ ಮೊತ್ತವಾಗಲಿ, ಹಣದ ಕಾಲಂಗೆ ಫ್ಲೋಟ್ ಬಗೆಯನ್ನು ಬಳಸಲೇಬಾರದು. ಎರಡರ ಆಧಾರದ ಲೆಕ್ಕದಲ್ಲಿ 0.1 ಅನ್ನು ನಿಖರವಾಗಿ ಬರೆಯಲಾಗದು, 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಡೆಸಿಮಲ್ ಬಗೆ ಇರುವುದೇ ಇದಕ್ಕಾಗಿ.

ಈಗ ಆ 28,000 ರೂಪಾಯಿ. ಹಾಲಿನ ಟೇಬಲ್‌ನಲ್ಲಿ ಒಂದು ಸಾಲು ಎಂದರೆ ಒಂದು ಹೊತ್ತಿನ ಹಾಲು. ಪಶು ಆಹಾರದ ಟೇಬಲ್‌ನಲ್ಲಿ ಒಂದು ಸಾಲು ಎಂದರೆ ಒಂದು ಮೂಟೆಯ ಖರೀದಿ. ಎರಡನ್ನೂ ಸದಸ್ಯ ಸಂಖ್ಯೆಯ ಮೇಲೆ ಜಾಯಿನ್ ಮಾಡಿದಾಗ ಹುಟ್ಟುವ ಸಾಲು ಏನು? ಒಂದು ಹೊತ್ತಿನ ಹಾಲು ಮತ್ತು ಒಂದು ಮೂಟೆ, ಈ ಎರಡರ ಜೋಡಿ. ಅಂಥ ಜೋಡಿ ಹದಿನಾಲ್ಕು ಗುಣಿಸು ಎರಡು, ಒಟ್ಟು 28. ಪ್ರತಿ ಹೊತ್ತಿನ ಹಾಲು ಎರಡೆರಡು ಸಲ ಎಣಿಕೆಯಾಗಿ 2,800 ರೂಪಾಯಿ 5,600 ಆಯಿತು. ಪ್ರತಿ ಮೂಟೆ ಹದಿನಾಲ್ಕು ಸಲ ಎಣಿಕೆಯಾಗಿ 2,400 ರೂಪಾಯಿ 33,600 ಆಯಿತು. ಕಳೆದರೆ ಉಳಿದದ್ದು ಸೊನ್ನೆಗಿಂತ 28,000 ಕೆಳಗೆ. ಡೇಟಾಬೇಸ್ ಕೇಳಿದ್ದನ್ನೇ ಕೊಟ್ಟಿದೆ.

ಇಲ್ಲಿ ಕೈ ಹೋಗುವುದು ಡಿಸ್ಟಿಂಕ್ಟ್ ಎಂಬ ಪದದ ಕಡೆಗೆ. ಎರಡು ಸಲ ಬಂದದ್ದನ್ನು ಒಂದೇ ಸಲ ಕೂಡಿಸು ಎಂದು ಬರೆದುಬಿಡುತ್ತಾರೆ. ಹೊತ್ತುಹೊತ್ತಿಗೆ ಮೊತ್ತ ಬೇರೆ ಬೇರೆ ಇರುವ ಸದಸ್ಯರ ಹಾಲಿನ ಲೆಕ್ಕ ಇದರಿಂದ ಸರಿಹೋಗುವುದರಿಂದ ರೋಗ ವಾಸಿಯಾಯಿತೆಂಬ ಭ್ರಮೆ ಬರುತ್ತದೆ. ನಮ್ಮ ಸದಸ್ಯರ ಹದಿನಾಲ್ಕು ಹೊತ್ತೂ 200 ರೂಪಾಯಿಯೇ ಆದ್ದರಿಂದ ಡಿಸ್ಟಿಂಕ್ಟ್ ಅದನ್ನು ಒಂದೇ 200 ಎಂದು ಹಿಡಿಯುತ್ತದೆ, ಎರಡು ಮೂಟೆಯನ್ನು ಒಂದೇ 1,200 ಎಂದು ಹಿಡಿಯುತ್ತದೆ. ಎದ್ದು ಕಾಣುತ್ತಿದ್ದ ತಪ್ಪು ಹೋಗಿ, ಅಡಗಿ ಕೂರುವ ತಪ್ಪು ಬಂದಂತಾಯಿತು. ಕ್ವೆರಿಯೊಂದರಲ್ಲಿ ವಿವರಣೆಯಿಲ್ಲದ ಡಿಸ್ಟಿಂಕ್ಟ್ ಕಂಡರೆ ನಾನು ಮೊದಲು ಅಲ್ಲೇ ಅಗೆಯುತ್ತೇನೆ.

ಸರಿಯಾದ ದಾರಿ ಎರಡೂ ಟೇಬಲ್‌ಗಳನ್ನು ಒಂದೇ ಅಳತೆಗೆ ತರುವುದು. ಹಾಲನ್ನು ಸದಸ್ಯರವಾರು ಮೊದಲೇ ಕೂಡಿಸಿ, ಸದಸ್ಯರಿಗೊಂದು ಸಾಲು ಮಾಡಿಕೊಳ್ಳಿ. ಪಶು ಆಹಾರವನ್ನೂ ಹಾಗೆಯೇ ಕೂಡಿಸಿ. ಆಮೇಲೆ ಜೋಡಿಸಿ. ಒಂದಕ್ಕೆ ಒಂದು ಎದುರಾದಾಗ ಏನೂ ಹಿಗ್ಗುವುದಿಲ್ಲ. ಜಾಯಿನ್‌ಗೆ ಮುಂಚೆ ಎಷ್ಟು ಸಾಲು ಇದ್ದವು, ಆಮೇಲೆ ಎಷ್ಟಾದವು ಎಂದು ಎಣಿಸುವ ಅಭ್ಯಾಸವೊಂದಿದ್ದರೆ ಇಂಥ ದೋಷಗಳು ಬಟವಾಡೆಯ ಮೇಜಿನವರೆಗೆ ಬರುವುದೇ ಇಲ್ಲ.

ಇಷ್ಟಾದ ಮೇಲೆ ಇನ್ನೊಂದು ದೂರು ಬರುತ್ತದೆ: ಆ ವಾರ ಪಶು ಆಹಾರ ಕೊಳ್ಳದ ಸದಸ್ಯರು ಪಟ್ಟಿಯಿಂದಲೇ ಮಾಯ. ಸಾಮಾನ್ಯ ಜಾಯಿನ್ ಎರಡೂ ಕಡೆ ಇರುವವರನ್ನು ಮಾತ್ರ ಉಳಿಸುತ್ತದೆ. ಲೆಫ್ಟ್ ಜಾಯಿನ್‌ಗೆ ಬದಲಾಯಿಸಿದರೆ ಅವರ ಹೆಸರು ಬರುತ್ತದೆ, ಆದರೆ ಹಣದ ಮನೆ ಖಾಲಿ. ಆಹಾರದ ಮೊತ್ತ ಇಲ್ಲದ ಕಡೆ ನಲ್ ಇದೆ. 2,800ರಿಂದ ನಲ್ ಕಳೆದರೆ 2,800 ಬರುವುದಿಲ್ಲ, ನಲ್ ಬರುತ್ತದೆ. ನಲ್ ಎಂದರೆ ಸೊನ್ನೆಯಲ್ಲ, ‘ಗೊತ್ತಿಲ್ಲ’ ಎಂದು. ಗೊತ್ತಿಲ್ಲದ್ದನ್ನು ಕಳೆದರೆ ಉಳಿಯುವುದೂ ಗೊತ್ತಿಲ್ಲ. ಇಲ್ಲಿ ಖರೀದಿ ಆಗಿಲ್ಲವೆಂದು ನಮಗೆ ಖಚಿತವಿರುವುದರಿಂದ ಕೋಅಲೆಸ್ ಎಂಬ ಫಂಕ್ಷನ್ ಬಳಸಿ ಅದನ್ನು ಸೊನ್ನೆ ಎಂದು ಹೇಳಬಹುದು, ಹೇಳಲೇಬೇಕು.

ನಲ್ ಕೊಡುವ ಕಾಟದಲ್ಲಿ ಅತ್ಯಂತ ಕಷ್ಟದ್ದು ‘ನಾಟ್ ಇನ್’ ಜೊತೆಗಿನದು. ಈ ವಾರ ಹಾಲು ಹಾಕದ ಸದಸ್ಯರು ಯಾರು ಎಂದು ಕೇಳುತ್ತೀರಿ: ಹಾಲಿನ ಟೇಬಲ್‌ನಲ್ಲಿರುವ ಸಂಖ್ಯೆಗಳ ಪಟ್ಟಿಯಲ್ಲಿ ಇಲ್ಲದ ಸದಸ್ಯರನ್ನು ತೋರಿಸು. ಹಾಲಿನ ಟೇಬಲ್‌ನ ಒಂದೇ ಒಂದು ಸಾಲಿನಲ್ಲಿ ಸದಸ್ಯ ಸಂಖ್ಯೆ ನಲ್ ಆಗಿದ್ದರೂ ಸಾಕು, ಉತ್ತರ ಪೂರ್ತಿ ಖಾಲಿ ಬರುತ್ತದೆ. ಆ ಗೊತ್ತಿಲ್ಲದ ಸಂಖ್ಯೆ 12ನೆಯ ಸದಸ್ಯರದ್ದೇ ಇರಬಹುದು, 45ನೆಯವರದ್ದೂ ಇರಬಹುದು. ಆದ್ದರಿಂದ ಯಾರ ಬಗ್ಗೆಯೂ ‘ಇಲ್ಲ’ ಎಂದು ಖಚಿತವಾಗಿ ಹೇಳಲು ಡೇಟಾಬೇಸ್‌ಗೆ ಆಗುವುದಿಲ್ಲ, ಖಚಿತವಲ್ಲದ ಸಾಲನ್ನು ಅದು ಕೊಡುವುದೂ ಇಲ್ಲ. ಎಲ್ಲರೂ ಹಾಲು ಹಾಕಿದ್ದಾರೆ ಎಂದು ನಾವು ಓದಿಕೊಳ್ಳುತ್ತೇವೆ. ‘ನಾಟ್ ಎಕ್ಸಿಸ್ಟ್ಸ್’ ಎಂದು ಬರೆದರೆ ಈ ತೊಂದರೆ ಇಲ್ಲ. ಆದರೆ ಬೇರಿನಲ್ಲೇ ಕೇಳಬೇಕಾದ್ದು, ಯಾರು ಹಾಕಿದರೆಂದು ಗೊತ್ತಿಲ್ಲದ ಹಾಲಿನ ಸಾಲು ಟೇಬಲ್‌ನೊಳಗೆ ಬಂದದ್ದು ಹೇಗೆ ಎಂದು. ನಮ್ಮ ವಾಕ್ಯ ‘ಒಬ್ಬ ಸದಸ್ಯರು’ ಎಂದೇ ಶುರುವಾಗಿತ್ತು. ಕಾಲಂಗೆ ‘ನಾಟ್ ನಲ್’ ಎಂಬ ಕಟ್ಟು ಹಾಕಿದ್ದರೆ ಆ ಸಾಲು ಬಾಗಿಲಲ್ಲೇ ನಿಲ್ಲುತ್ತಿತ್ತು.

ಕಟ್ಟುಗಳನ್ನು ಹಾಕಿದ ಮಾತ್ರಕ್ಕೆ ಅವು ಕೆಲಸ ಮಾಡುತ್ತಿವೆ ಎಂದು ನಂಬುವಂತಿಲ್ಲ. ಮೈಎಸ್‌ಕ್ಯುಎಲ್‌ನ ಹಳೆಯ ಮೈಐಸ್ಯಾಮ್ ಬಗೆಯ ಟೇಬಲ್‌ಗಳು ಫಾರಿನ್ ಕೀ (ಒಂದು ಟೇಬಲ್‌ನ ಸಂಖ್ಯೆ ಇನ್ನೊಂದರಲ್ಲಿ ಇರಲೇಬೇಕು ಎಂಬ ಕಟ್ಟು) ಬರೆದರೆ ಓದಿಕೊಂಡು ಸುಮ್ಮನಿರುತ್ತಿದ್ದವು. ಜಾರಿಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ಅದೇ ಮೈಎಸ್‌ಕ್ಯುಎಲ್ 2019ರಲ್ಲಿ ಬಂದ 8.0.16ನೆಯ ಆವೃತ್ತಿಯವರೆಗೆ ಚೆಕ್ ನಿಯಮಗಳನ್ನೂ ಹೀಗೆಯೇ ಓದಿ ಬಿಟ್ಟುಬಿಡುತ್ತಿತ್ತು. ಲೀಟರ್ ಸೊನ್ನೆಗಿಂತ ಹೆಚ್ಚಿರಬೇಕು ಎಂದು ಬರೆದಿದ್ದರೂ ಋಣ ಸಂಖ್ಯೆ ಒಳಗೆ ಹೋಗುತ್ತಿತ್ತು. ಎಸ್‌ಕ್ಯುಲೈಟ್‌ನಲ್ಲಿ ಫಾರಿನ್ ಕೀ ಪರಿಶೀಲನೆ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ, ಪ್ರತಿ ಸಂಪರ್ಕದಲ್ಲೂ ಅದನ್ನು ತೆರೆಯಬೇಕು. ಕಟ್ಟು ಹಾಕಿದ ಮೇಲೆ ಬೇಕೆಂದೇ ಒಂದು ತಪ್ಪು ಸಾಲು ತುಂಬಲು ಪ್ರಯತ್ನಿಸಿ. ಒಳಗೆ ಹೋಯಿತೆಂದರೆ ಕಟ್ಟು ಕಾಗದದ ಮೇಲಷ್ಟೇ ಇದೆ.

ಇದಕ್ಕೆ ವಿರುದ್ಧವಾದ ದೂರೂ ಸಾಮಾನ್ಯ: ಫಾರಿನ್ ಕೀ ಹಾಕಲು ಹೋದರೆ ಡೇಟಾಬೇಸ್ ಬಿಡುವುದೇ ಇಲ್ಲ. ಹೆಚ್ಚಿನ ಸಲ ಕಾರಣ ಎರಡರಲ್ಲಿ ಒಂದು. ಒಂದು ಕಡೆ ಇಂಟ್, ಇನ್ನೊಂದು ಕಡೆ ಬಿಗ್‌ಇಂಟ್ ಎಂಬಂತೆ ಕಾಲಂಗಳ ಬಗೆ ಹೊಂದದಿರುವುದು. ಇಲ್ಲವೇ ಸದಸ್ಯರ ಟೇಬಲ್‌ನಲ್ಲಿ ಇಲ್ಲದ ಸಂಖ್ಯೆ ಹಾಲಿನ ಟೇಬಲ್‌ನಲ್ಲಿ ಈಗಾಗಲೇ ಇರುವುದು. ಅಂಥ ಅನಾಥ ಸಾಲುಗಳು ಬಹಳ ಸಲ ಹುಟ್ಟುವುದು ಯಾರೋ ಸದಸ್ಯತ್ವ ಬಿಟ್ಟಾಗ ಅವರ ಸಾಲನ್ನು ಅಳಿಸಿಹಾಕುವುದರಿಂದ. ಅಳಿಸುವುದು ಬೇಡ, ಸದಸ್ಯತ್ವ ಮುಗಿದ ದಿನಾಂಕ ಎಂಬ ಕಾಲಂ ಸಾಕು. ಅಳಿಸಿದರೆ ಜೊತೆಗಿನದೂ ಅಳಿಯಲಿ ಎಂಬ ಕ್ಯಾಸ್ಕೇಡ್ ಸೌಲಭ್ಯವನ್ನು ಹಣದ ಲೆಕ್ಕವಿರುವ ಟೇಬಲ್‌ಗೆ ಎಂದೂ ಕೊಡಬಾರದು. ಒಬ್ಬರ ಹೆಸರು ತೆಗೆದ ಕೂಡಲೇ ಅವರ ವರ್ಷಗಳ ಹಾಲಿನ ಲೆಕ್ಕ ಸದ್ದಿಲ್ಲದೆ ಹೋಗಿಬಿಡುತ್ತದೆ.

ಕನ್ನಡದ ಹೆಸರುಗಳು ಡೇಟಾಬೇಸ್‌ನಲ್ಲಿ ಪಡುವ ಪಾಡನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಬೇರೆ ಕಡೆಯ ಪಠ್ಯಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಲಕ್ಷ್ಮೀನಾರಾಯಣ’ ಎಂಬ ಹೆಸರು ಕಣ್ಣಿಗೆ ಆರು ಅಕ್ಷರ. ಒತ್ತು, ಗುಣಿತ, ವಿರಾಮಗಳನ್ನೆಲ್ಲ ಎಣಿಸಿದರೆ 13 ಸಂಕೇತ, 39 ಬೈಟ್. ಕಾಲಂನ ಉದ್ದವನ್ನು ಬೈಟ್‌ನಲ್ಲಿ ಅಳೆಯುವ ಡೇಟಾಬೇಸ್‌ನಲ್ಲಿ 30 ಎಂದು ಕೊಟ್ಟಿದ್ದರೆ ಈ ಹೆಸರು ಹಿಡಿಸುವುದಿಲ್ಲ. ಒರಾಕಲ್‌ನಲ್ಲಿ ಬೇರೇನೂ ಹೇಳದಿದ್ದರೆ ಅಳತೆ ಬೈಟ್‌ನಲ್ಲೇ.

ಕನ್ನಡದ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ ಸಾಮಾನ್ಯವಾಗಿ ಕಾಲಂನ ಅಕ್ಷರಸಮೂಹಕ್ಕೆ ಕನ್ನಡ ಬರುವುದಿಲ್ಲ ಎಂದರ್ಥ. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಸಾಮಾನ್ಯವಾಗಿ ವಾರ್‌ಚಾರ್ ಬದಲು ಎನ್‌ವಾರ್‌ಚಾರ್ ಬಳಸಬೇಕಾದ್ದು ಇದಕ್ಕೇ. ಹೀಗೆ ಪ್ರಶ್ನೆ ಚಿಹ್ನೆಯಾಗಿ ಉಳಿದದ್ದನ್ನು ಮರಳಿ ಪಡೆಯಲಾಗದು, ಮೂಲ ಬೈಟ್‌ಗಳೇ ಹೋಗಿವೆ. ಅರ್ಥವಾಗದ ಲ್ಯಾಟಿನ್ ಅಕ್ಷರಗಳ ರಾಶಿ ಕಂಡರೆ ಹೆದರಬೇಕಿಲ್ಲ. ಬಹಳ ಸಲ ಬೈಟ್‌ಗಳು ಹಾಗೆಯೇ ಇದ್ದು ಓದುವ ಬಗೆ ಮಾತ್ರ ತಪ್ಪಿರುತ್ತದೆ.

ಇನ್ನೂ ಸೂಕ್ಷ್ಮವಾದದ್ದು ದೀರ್ಘ ಸ್ವರಗಳದ್ದು. ‘ಮೀನಾಕ್ಷಿ’ಯಲ್ಲಿನ ‘ಮೀ’ಯ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸಿನ ಮುಂದೆ ದೀರ್ಘದ ಚಿಹ್ನೆಯನ್ನು ಬೇರೆಯಾಗಿ ಇಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಬೈಟ್ ಹೋಲಿಕೆಯಲ್ಲಿ ಬೇರೆ ಬೇರೆ. ಯೂನಿಕ್ ಎಂಬ ಕಟ್ಟಿದ್ದರೂ ಒಂದೇ ಹೆಸರು ಎರಡು ಸಲ ಸೇರುತ್ತದೆ, ಹುಡುಕಿದರೆ ಒಂದು ಮಾತ್ರ ಸಿಗುತ್ತದೆ. ಟೇಬಲ್‌ಗೆ ಹೋಗುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ಎಂಬ ಸಾಮಾನ್ಯ ರೂಪಕ್ಕೆ ತಂದರೆ ಈ ಕಾಟ ತಪ್ಪುತ್ತದೆ. ಕಣ್ಣಿಗೆ ಕಾಣದ ಜೋಡಕ ಸಂಕೇತಗಳು ಉಳಿದೇ ಇರುತ್ತವೆ, ಅವನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಇದೆಲ್ಲದರ ಕಾರಣದಿಂದ ಹೆಸರು ಎಂದಿಗೂ ಕೀ ಆಗಬಾರದು. ಮೊಬೈಲ್ ಸಂಖ್ಯೆಯೂ ಬೇಡ, ಒಂದು ಮನೆಯ ಮೂವರು ಸದಸ್ಯರಿಗೆ ಒಂದೇ ಫೋನ್ ಇರುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ.

ಕ್ವೆರಿ ನಿಧಾನ ಎಂಬ ದೂರಿಗೆ ಹೆಚ್ಚು ಮಾತು ಬೇಡ. ಸದಸ್ಯ ಸಂಖ್ಯೆ ಮತ್ತು ದಿನಾಂಕ ಸೇರಿಸಿ ಇಂಡೆಕ್ಸ್ ಹಾಕಿದರೆ ಸಂಘವೊಂದರ ಮಟ್ಟದ ಟೇಬಲ್ ಓಡುತ್ತದೆ. ದಿನಾಂಕದಿಂದ ತಿಂಗಳನ್ನು ಕತ್ತರಿಸಿ ಹೋಲಿಸುವ ಬದಲು ಒಂದನೇ ತಾರೀಖಿನಿಂದ ಮುಂದಿನ ಒಂದನೇ ತಾರೀಖಿಗೆ ಮುಂಚಿನವರೆಗೆ ಎಂದು ಕೇಳಿದರೆ ಆ ಇಂಡೆಕ್ಸ್ ಬಳಕೆಗೆ ಬರುತ್ತದೆ. ಬಂತೇ ಇಲ್ಲವೇ ಎಂಬುದನ್ನು ಎಕ್ಸ್‌ಪ್ಲೇನ್ ಎಂಬ ಆದೇಶ ತೋರಿಸುತ್ತದೆ.

ಈಗಾಗಲೇ ಬಳಕೆಯಲ್ಲಿರುವ ಕೆಟ್ಟ ಟೇಬಲ್ ಇದ್ದರೆ? ಅದನ್ನೇ ಕೆತ್ತಲು ಹೋಗಬೇಡಿ. ಮೈಎಸ್‌ಕ್ಯುಎಲ್‌ನಲ್ಲಿ ಟೇಬಲ್‌ನ ರಚನೆ ಬದಲಿಸುವ ಆದೇಶ ಕೊಟ್ಟ ಕೂಡಲೇ ಪಕ್ಕಾ ಆಗುತ್ತದೆ, ರೋಲ್‌ಬ್ಯಾಕ್ ಮಾಡಿ ಹಿಂದೆ ಬರಲಾಗದು. ಮೊದಲು ಬ್ಯಾಕಪ್ ತೆಗೆದು, ಆ ಬ್ಯಾಕಪ್‌ನಿಂದ ಇನ್ನೊಂದು ಕಡೆ ಡೇಟಾಬೇಸ್ ಎದ್ದು ನಿಲ್ಲುತ್ತದೆಯೇ ನೋಡಿ. ಸರಿಯಾದ ಕೀ, ಸರಿಯಾದ ಕಟ್ಟುಗಳಿರುವ ಹೊಸ ಟೇಬಲ್ ಅನ್ನು ಪಕ್ಕದಲ್ಲೇ ಕಟ್ಟಿ. ಹಳೆಯದರಲ್ಲಿ ಕೀ ಕಾಲಂಗಳ ಮೇಲೆ ಗುಂಪು ಮಾಡಿ, ಒಂದಕ್ಕಿಂತ ಹೆಚ್ಚು ಸಲ ಬಂದ ಸಾಲುಗಳನ್ನು ಪಟ್ಟಿ ಮಾಡಿ. ಆ ಪಟ್ಟಿಯನ್ನು ಹಾಲು ಅಳೆದವರಿಗೆ ತೋರಿಸಿ. ಯಾವುದು ಎರಡು ಸಲ ಒತ್ತಿದ ಬಟನ್, ಯಾವುದು ನಿಜವಾಗಿ ಎರಡನೆಯ ಕ್ಯಾನ್ ಎಂದು ಅವರು ಮಾತ್ರ ಹೇಳಬಲ್ಲರು. ಆಮೇಲೆ ಸಾಲುಗಳನ್ನು ಹೊಸದಕ್ಕೆ ತುಂಬಿ, ಎರಡೂ ಟೇಬಲ್‌ಗಳಲ್ಲಿ ತಿಂಗಳವಾರು ಲೀಟರ್ ಮತ್ತು ಮೊತ್ತವನ್ನು ಕೂಡಿಸಿ ಅಕ್ಕಪಕ್ಕ ಇಡಿ. ಕೈಬಿಟ್ಟ ನಕಲು ಸಾಲುಗಳಿಂದ ಬಂದ ವ್ಯತ್ಯಾಸವನ್ನು ಲೆಕ್ಕ ಹಾಕಿ ಬರೆದಿಡಿ. ಅದನ್ನು ಬಿಟ್ಟು ಒಂದು ರೂಪಾಯಿ ಹೆಚ್ಚುಕಡಿಮೆ ಬಂದರೂ ಹಳೆಯ ಟೇಬಲ್‌ನ ಹೆಸರನ್ನು ಹೊಸದಕ್ಕೆ ಕೊಡಬೇಡಿ.